ಈ ವಯಸ್ಸಿನಲ್ಲಿ ಯಾಕೆ?

ಇದನ್ನು ಬರೆಯಲೇ, ಬೇಡವೇ ಎಂದು ಬಹಳ ದಿನ ಯೋಚಿಸಿದೆ. ಕೊನೆಗೆ ನಮ್ಮವರೇ, "ಬರಿ, ಯಾರಿಗಾದರೂ ಉಪಯೋಗವಾದೀತು" ಎಂದರು.

ಅವರಿಗೆ ಸಕ್ಕರೆ ಕಾಯಿಲೆ ಬಂದು 20 ವರ್ಷ ದಾಟಿದೆ. ಅದು ನರಗಳನ್ನೂ ರಕ್ತನಾಳಗಳನ್ನೂ ಸವೆಸಿ ಪುರುಷತ್ವಕ್ಕೂ ಕೈಹಾಕುತ್ತದೆ ಎಂಬುದು ನಮ್ಮ ಮಾಗೋಡಿನಂಥ ಊರಿನಲ್ಲಿ ಬಾಯಿಬಿಟ್ಟು ಹೇಳುವ ಮಾತಲ್ಲ. ಮಾತ್ರೆಗಳು ಸೋತ ಮೇಲೆ, 12 ವರ್ಷಗಳ ಹಿಂದೆ, ದೂರದ ನಗರದಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡರು. ಅಂಗದೊಳಗೆ ಎರಡು ಕೊಳವೆ, ವೃಷಣಚೀಲದಲ್ಲಿ ಪುಟ್ಟ ಪಂಪು, ಕಿಬ್ಬೊಟ್ಟೆಯಲ್ಲಿ ಉಪ್ಪುನೀರಿನ ಚೀಲ. 1973ರಲ್ಲಿ ಅಮೆರಿಕದ ಬ್ರಾಂಟ್ಲಿ ಸ್ಕಾಟ್ ಎಂಬ ವೈದ್ಯರೂ ಅವರ ಸಂಗಡಿಗರೂ ಲೋಕಕ್ಕೆ ತಿಳಿಸಿದ ಉಪಾಯವಿದು. ಆಗ ವೈದ್ಯರ ಕೋಣೆಯ ಹೊರಗೆ ಬೆಂಚಿನ ಮೇಲೆ ಕೂತವಳು ನಾನು. ನನ್ನನ್ನು ಯಾರೂ ಏನೂ ಕೇಳಲಿಲ್ಲ, ನಾನೂ ಕೇಳಲಿಲ್ಲ.

ಕಳೆದ ವರ್ಷ ಅದು ಕೆಟ್ಟಿತು. ಯಂತ್ರವೆಂದ ಮೇಲೆ ಸವೆಯುವುದೇ. ಹತ್ತು-ಹದಿನೈದು ವರ್ಷಕ್ಕೆ ಹಲವರಿಗೆ ಬದಲಿಸಬೇಕಾಗುತ್ತದೆ. ಅಡಿಕೆ ಕೊಯ್ಲಿನ ಗಡಿಬಿಡಿಯ ನಡುವೆ ಅವರು, "ಇನ್ನೊಮ್ಮೆ ಮಾಡಿಸಲೇ?" ಎಂದರು. ನನ್ನ ಬಾಯಿಂದ ಬಂದದ್ದು, "ಈ ವಯಸ್ಸಿನಲ್ಲಿ ಯಾಕೆ?" ಅವರು ಮಾತಾಡದೆ ತೋಟಕ್ಕೆ ಇಳಿದರು.

ಆ ರಾತ್ರಿ ನಿದ್ದೆ ಬರಲಿಲ್ಲ. ನಾನು ಹಲ್ಲು ಕಟ್ಟಿಸಿಕೊಂಡಾಗ ಅವರು ಹಾಗೆ ಕೇಳಿರಲಿಲ್ಲ. ಹಲ್ಲಿಗೆ, ಮಂಡಿಗೆ ಇಲ್ಲದ ವಯಸ್ಸಿನ ಲೆಕ್ಕ ಇದಕ್ಕೆ ಮಾತ್ರ ಏಕೆ? ನನ್ನ ನಾಚಿಕೆಯನ್ನೇ ನಾನು ವಿವೇಕವೆಂದು ಕರೆದಿದ್ದೆ. ಹಾಗೆಂದು, ಗಂಡನ ಮನಸ್ಸು ನೋಯದಿರಲೆಂದು ಹೂಂಗುಟ್ಟುವುದೂ ಸುಳ್ಳೇ ಅಲ್ಲವೇ? ಬೆಳಿಗ್ಗೆ ಚಹಾ ಕೊಡುತ್ತ ಹೇಳಿದೆ: "ನನಗೋಸ್ಕರವಾದರೆ ಬೇಡ. ನಿಮಗೆ ಬೇಕೆನಿಸಿದರೆ ನಾನು ಜೊತೆಗಿದ್ದೇನೆ. ಆದರೆ ಈ ಸಲ ಹೊರಗೆ ಕೂರುವುದಿಲ್ಲ."

ವೈದ್ಯರು ಇಬ್ಬರನ್ನೂ ಕೂರಿಸಿಕೊಂಡು ಬಿಡಿಸಿ ಹೇಳಿದರು. ಮೊದಲಿನ ಗಾಯ ಮಾಯ್ದಲ್ಲಿ ಒಳಗೆ ಗಟ್ಟಿಯಾಗಿರುವುದರಿಂದ ಎರಡನೆಯ ಸಲದ ಕೆಲಸ ಕಷ್ಟ. ಸೋಂಕಿನ ಭಯವೂ ಮೊದಲಿಗಿಂತ ಹೆಚ್ಚು. ತಗುಲಿದರೆ ಸಾಧನವನ್ನೇ ತೆಗೆಯಬೇಕಾದೀತು. ಉದ್ದ ತುಸು ಕಡಿಮೆಯಾಗಬಹುದು. ಸಕ್ಕರೆ ಹತೋಟಿಗೆ ಬರುವ ತನಕ ಕಾಯಬೇಕು. ಸಾಧನ ಕೊಡುವುದು ಗಡಸುತನವನ್ನು, ಆಸೆಯನ್ನಲ್ಲ.

ನಾಲ್ಕು ತಿಂಗಳು ಪಥ್ಯ ಹಿಡಿದರು. ಶಸ್ತ್ರಚಿಕಿತ್ಸೆ ಆಯಿತು. ವಾರಗಟ್ಟಲೆ ಬಾವು, ನೋವು. "ಮೊದಲಿನಷ್ಟಿಲ್ಲ" ಎಂದು ಅವರೇ ಒಂದು ದಿನ ಹೇಳಿದರು. ಆದರೆ ಮುಖ ಸಣ್ಣದಾಗಲಿಲ್ಲ. ಇಬ್ಬರಿಗೂ ಅದು ಮೊದಲೇ ಗೊತ್ತಿತ್ತಲ್ಲ.

ಮಾಡಿಸಿದ್ದು ಸರಿಯೇ ಎಂದು ಕೇಳಿದರೆ, ಬೇಡವೆಂದವರದೂ ತಪ್ಪಲ್ಲ ಎನ್ನುತ್ತೇನೆ. ಕೇಳದೆ, ಹೇಳದೆ ಬೆಂಚಿನ ಮೇಲೆ ಕೂತ ಮೊದಲ ಸಲದ್ದೇ ತಪ್ಪು. ಅದರಲ್ಲಿ ನನ್ನ ಪಾಲೂ ಇತ್ತು.