ಪತ್ನಿಯ ಹೆಸರಿನ ಆಸ್ತಿಯೂ ಪರಿಗ್ರಹಪರಿಮಾಣವ್ರತವೂ

ಪರಿಗ್ರಹಪರಿಮಾಣವ್ರತವನ್ನು ಸ್ವೀಕರಿಸುವ ಗೃಹಸ್ಥನು ಕ್ಷೇತ್ರ, ವಾಸ್ತು, ಹಿರಣ್ಯ, ಸುವರ್ಣ, ಧನ, ಧಾನ್ಯಾದಿಗಳಿಗೆ ತಾನೇ ಒಂದು ಮಿತಿಯನ್ನು ಹಾಕಿಕೊಳ್ಳುತ್ತಾನೆ. ಸಮಂತಭದ್ರಾಚಾರ್ಯರು ಈ ವ್ರತಕ್ಕೆ ಇಚ್ಛಾಪರಿಮಾಣವೆಂಬ ಇನ್ನೊಂದು ಹೆಸರನ್ನೂ ಹೇಳಿರುವರು. ವ್ರತವನ್ನು ಹಿಡಿದ ದಿನ ಮಿತಿಯು ಬಹಳ ದೂರದಲ್ಲಿ ಕಾಣುವುದು. ವ್ಯಾಪಾರವು ಬೆಳೆದು ಅದು ಸಮೀಪಿಸಿದಾಗ ಒಂದು ಸುಲಭೋಪಾಯ ಹೊಳೆಯುವುದು: ಹೆಚ್ಚಾದುದನ್ನು ಪತ್ನಿಯ ಹೆಸರಿಗೆ ಬರೆದಿಡುವುದು. ದಾನಪತ್ರವಾಗುತ್ತದೆ, ಮಿತಿಯೂ ಉಳಿಯುತ್ತದೆ, ಯಾರೂ ಆಕ್ಷೇಪಿಸುವುದಿಲ್ಲ. ಆ ಬರವಣಿಗೆ ನಿಜವೇ ಸುಳ್ಳೇ ಎಂಬ ಪರೀಕ್ಷೆ ದಾಂಪತ್ಯವು ಮುರಿದು ನ್ಯಾಯಾಲಯದ ಮೆಟ್ಟಿಲೇರಿದಾಗ ಬರುತ್ತದೆ.

ವಿಚಾರಕ್ಕಾಗಿ ಒಬ್ಬ ವರ್ತಕನನ್ನು ಕಲ್ಪಿಸಿಕೊಳ್ಳಬಹುದು. ಇದು ಯಾವ ಮನೆಯ ಕಥೆಯೂ ಅಲ್ಲ. ಬಂಗಾರಪೇಟೆ ತಾಲ್ಲೂಕಿನ ಬೂದಿಕೋಟೆಯಲ್ಲಿ, ಹೈದರಾಲಿಯ ಜನ್ಮಸ್ಥಳವೆಂದು ಹೆಸರಾದ ಆ ಊರಿನಲ್ಲಿ, ಅವನಿಗೆ ತಂದೆಯಿಂದ ಬಂದ ದಿನಸಿ ಅಂಗಡಿಯಿದೆ. ಊರಿನ ಗಿರಾಕಿಗಳಿಗಿಂತ ಕೋಲಾರದ ಚಿನ್ನದ ಗಣಿಯ ಕಾರ್ಮಿಕರಿಗೆ ಕೊಟ್ಟ ಉದ್ದರಿಯೇ ಅವನ ಲೆಕ್ಕದ ಪುಸ್ತಕದಲ್ಲಿ ಹೆಚ್ಚು. 1880ರಲ್ಲಿ ಜಾನ್ ಟೇಲರ್ ಕಂಪೆನಿ ಕೈಗೆತ್ತಿಕೊಂಡಿದ್ದ ಆ ಗಣಿಯು 2001ರ ಫೆಬ್ರವರಿ 28ರಂದು ಮುಚ್ಚಿತು. ಸಂಬಳ ನಿಂತವರಿಂದ ಬಾಕಿ ವಸೂಲಾಗಲಿಲ್ಲ. ಸಗಟು ವ್ಯಾಪಾರಿಯು ಬಾಗಿಲಿಗೆ ಬಂದು ನಿಂತ ದಿನ ಪತ್ನಿಯು ತವರಿನಿಂದ ತಂದಿದ್ದ ಆರು ಬಳೆಗಳನ್ನು ಬಿಚ್ಚಿಕೊಟ್ಟಳು. ಅಂಗಡಿ ಉಳಿಯಿತು, ಕಾಲಾಂತರದಲ್ಲಿ ಬಂಗಾರಪೇಟೆಯಲ್ಲಿ ಒಂದು ಮಳಿಗೆಯೂ ಆಯಿತು. ಆ ಮಳಿಗೆ ಪರಿಮಾಣವನ್ನು ಮೀರುತ್ತಿದ್ದುದರಿಂದ ಅದನ್ನು ಪತ್ನಿಯ ಹೆಸರಿಗೆ ಮಾಡಿಸಿದನು. ಈಗ ಇಬ್ಬರೂ ಬೇರೆಯಾಗುತ್ತಿದ್ದಾರೆ. ‘ಮಳಿಗೆಯು ವಾಸ್ತವದಲ್ಲಿ ನನ್ನದು, ಹೆಸರು ಮಾತ್ರ ಅವಳದು’ ಎಂದು ವಾದಿಸುವಂತೆ ಹಿತೈಷಿಗಳು ಹೇಳಿಕೊಡುತ್ತಿದ್ದಾರೆ.

ಹಿತೈಷಿಗಳು ಲಾಭನಷ್ಟವನ್ನಷ್ಟೇ ನೋಡುವರು. ವ್ರತಿಯು ನೋಡಬೇಕಾದುದು ಬೇರೆಯೇ ಇದೆ. ಮಳಿಗೆಯು ಪತ್ನಿಯದೇ ಆಗಿದ್ದರೆ ಅದನ್ನು ಹಿಂತೆಗೆದುಕೊಳ್ಳುವುದು ಅದತ್ತಾದಾನ, ಎಂದರೆ ಕೊಡದಿದ್ದುದನ್ನು ತೆಗೆದುಕೊಳ್ಳುವುದು; ಅಚೌರ್ಯಾಣುವ್ರತಕ್ಕೆ ಭಂಗ. ತನ್ನದೇ ಆಗಿದ್ದರೆ ಪರಿಮಾಣವು ಅಂದೇ ಮುರಿದಿತ್ತು. ಇಷ್ಟು ವರ್ಷ ವ್ರತವಿದೆಯೆಂದು ನಡೆದುಕೊಂಡುದೆಲ್ಲ ಬರಿಯ ತೋರಿಕೆ. ವ್ರತದ ಲೆಕ್ಕಕ್ಕೆ ಅವಳದು, ವ್ಯಾಜ್ಯದ ಲೆಕ್ಕಕ್ಕೆ ತನ್ನದು ಎಂಬ ಎರಡು ಮಾತುಗಳಲ್ಲಿ ಒಂದನ್ನು ಬಿಡಲೇಬೇಕು. ಉಮಾಸ್ವಾಮಿಗಳು ಪರಿಗ್ರಹವನ್ನು ವಸ್ತುವಿನಲ್ಲಿ ಕಾಣದೆ ಮೂರ್ಛೆಯಲ್ಲಿ, ಮಮತ್ವದಲ್ಲಿ ಕಂಡರು. ಪತ್ರದಲ್ಲಿ ಹೆಸರು ಬದಲಾದರೂ ಮಮತ್ವ ಬದಲಾಗಿರಲಿಲ್ಲವೆಂಬುದು ವಿಚ್ಛೇದನದ ದಿನ ಬೆಳಕಿಗೆ ಬರುತ್ತದೆ.

ಹಾಗಾದರೆ ಅಂಗಡಿಯನ್ನು ರಕ್ಷಿಸಿಕೊಳ್ಳುವುದೇ ತಪ್ಪೆಂದು ತಿಳಿಯಬಾರದು. ಅಂಗಡಿಯೆಂಬುದು ಒಡೆಯನೊಬ್ಬನ ಸ್ವತ್ತು ಮಾತ್ರವಲ್ಲ. ಆಳುಗಳ ಕೂಲಿ, ಸಾಲಕೊಟ್ಟವರ ನಂಬಿಕೆ, ಮಕ್ಕಳ ಅನ್ನ ಎಲ್ಲವೂ ಅದರಲ್ಲಿವೆ. ಹಟಕ್ಕಾಗಿ ಅದನ್ನು ಒಡೆಯಿಸಬೇಕೆನ್ನುವ ಪತ್ನಿಗೂ ಕಷಾಯವು ಪತಿಯಷ್ಟೇ ಬಂಧಕಾರಣ. ಆದರೆ ಬಹುಪಾಲು ವರ್ತಕರ ಭಯವು ಇಲ್ಲಿಯ ಕಾನೂನಿನಿಂದ ಹುಟ್ಟಿದ್ದಲ್ಲ. ವಿಚ್ಛೇದನವಾದರೆ ಅರ್ಧ ಅಂಗಡಿ ಹೋಗುವುದೆಂಬುದು ಕ್ಯಾಲಿಫೋರ್ನಿಯದಂಥ ಕಡೆಯ ವಾರ್ತೆಗಳನ್ನು ಓದಿ ಬಂದ ಹೆದರಿಕೆ. ಜೈನರಿಗೂ ಅನ್ವಯಿಸುವ 1955ರ ಹಿಂದೂ ವಿವಾಹ ಕಾಯಿದೆಯಲ್ಲಿ ದಂಪತಿಗಳ ಸಮಸ್ತ ಆಸ್ತಿಯನ್ನು ಸಮಭಾಗ ಮಾಡುವ ನಿಯಮವಿಲ್ಲ. 25ನೆಯ ಕಲಮಿನಂತೆ ನ್ಯಾಯಾಲಯವು ಇಬ್ಬರ ಆದಾಯ, ಆಸ್ತಿ, ನಡತೆಗಳನ್ನು ನೋಡಿ ಶಾಶ್ವತ ಜೀವನಾಂಶವನ್ನು ಗೊತ್ತುಮಾಡುತ್ತದೆ. ಪತಿಯ ಸ್ಥಿರಾಸ್ತಿಯಲ್ಲಿ ಪತ್ನಿಗೆ ಪಾಲನ್ನು ಕಲ್ಪಿಸುವ ಮಸೂದೆಯೊಂದನ್ನು ರಾಜ್ಯಸಭೆಯು 2013ರಲ್ಲಿ ಅಂಗೀಕರಿಸಿತಾದರೂ ಅದು ಕಾಯಿದೆಯಾಗಲಿಲ್ಲ.

ಜೈನರು 2014ರಲ್ಲಿ ಅಲ್ಪಸಂಖ್ಯಾತರೆಂದು ಘೋಷಿತರಾದ ಕಾರಣ ಈ ಕಾಯಿದೆ ತಮಗೆ ಅನ್ವಯಿಸದೆಂದು ವಾದಿಸಲು ಹೊರಟವರೂ ಉಂಟು. ಇಂದೋರಿನ ಕೌಟುಂಬಿಕ ನ್ಯಾಯಾಲಯವು 2025ರ ಫೆಬ್ರವರಿಯಲ್ಲಿ ಹಾಗೆಯೇ ಹೇಳಿತು. ಮರು ತಿಂಗಳೇ ಮಧ್ಯಪ್ರದೇಶದ ಹೈಕೋರ್ಟು ಆ ಆದೇಶವನ್ನು ರದ್ದುಮಾಡಿತು. ಧರ್ಮದ ಹೆಸರನ್ನು ಜೀವನಾಂಶದಿಂದ ತಪ್ಪಿಸಿಕೊಳ್ಳುವ ಬಾಗಿಲಾಗಿ ಬಳಸಲು ಹೊರಡುವುದು ಧರ್ಮಕ್ಕೆ ಶೋಭೆಯಲ್ಲ.

ಭಯವು ಇಷ್ಟೇ ಆಗಿರುವಲ್ಲಿ ಮನುಷ್ಯರು ಆಯ್ದುಕೊಳ್ಳುವ ಉಪಾಯಗಳಾದರೋ ಬಹಳ ದೊಡ್ಡವು. ಸೋದರನಿಂದ ಸಾಲ ತಂದಂತೆ ಹಿಂದಿನ ತಾರೀಖು ಹಾಕಿ ಪತ್ರ ಬರೆಸುವುದು. ದಾಸ್ತಾನನ್ನು ಕಡಿಮೆ ತೋರಿಸುವುದು. ಲಾಭವನ್ನು ಬೇರೆ ಖಾತೆಗೆ ಸಾಗಿಸುವುದು. ಇವುಗಳಿಗೆ ಶಾಸ್ತ್ರದಲ್ಲಿ ಹೊಸ ಹೆಸರು ಹುಡುಕಬೇಕಾಗಿಲ್ಲ. ತತ್ತ್ವಾರ್ಥಸೂತ್ರವು ಸತ್ಯಾಣುವ್ರತದ ಐದು ಅತಿಚಾರಗಳಲ್ಲಿ ಕೂಟಲೇಖಕ್ರಿಯೆಯನ್ನು, ಎಂದರೆ ಸುಳ್ಳು ಬರಹವನ್ನು, ಎಣಿಸಿದೆ. ಚತುರ್ದಶಿಯಂದು ಉಪವಾಸವಿದ್ದು, ಮರುದಿನ ಪಾರಣೆ ಮುಗಿಸಿ, ಪತ್ರಬರಹಗಾರನ ಮುಂದೆ ಇಂಥ ಸಾಲಪತ್ರಕ್ಕೆ ರುಜು ಹಾಕುವವನ ಹೊಟ್ಟೆಯೊಂದು ಹಸಿದಿತ್ತು, ಅಷ್ಟೆ. 2020ರ ನವೆಂಬರ್ 4ರ ಸರ್ವೋಚ್ಚ ನ್ಯಾಯಾಲಯದ ತೀರ್ಪಿನ ಮೇಲೆ ಜೀವನಾಂಶದ ವ್ಯಾಜ್ಯಗಳಲ್ಲಿ ಪತಿಪತ್ನಿಯರಿಬ್ಬರೂ ಆಸ್ತಿ ಮತ್ತು ಋಣಗಳ ವಿವರವನ್ನು ಪ್ರಮಾಣಪತ್ರದಲ್ಲಿ ಸಲ್ಲಿಸಬೇಕಾಗಿದೆ. ಆದುದರಿಂದ ಈಗ ಸುಳ್ಳು ಬರೆಯುವವನು ಪ್ರಮಾಣಮಾಡಿಯೇ ಬರೆಯಬೇಕು.

ಇನ್ನೊಂದು ಉಪಾಯ ಇದಕ್ಕಿಂತ ಸೂಕ್ಷ್ಮವಾದುದು. ಕೆಲವರಿಗೆ ವ್ಯಾಜ್ಯದ ವೇಳೆಯಲ್ಲೇ ವೈರಾಗ್ಯವುಂಟಾಗುತ್ತದೆ. ಸಮಸ್ತವನ್ನೂ ತಮ್ಮನಿಗೆ ಬಿಟ್ಟೆನು, ನನ್ನದೇನೂ ಇಲ್ಲ ಎನ್ನುವರು. ಪರಿಗ್ರಹತ್ಯಾಗವು ಶ್ರಾವಕನ ಒಂಬತ್ತನೆಯ ಪ್ರತಿಮೆ. ಅದಕ್ಕೆ ಮುನ್ನ ಎಂಟು ಮೆಟ್ಟಿಲುಗಳಿವೆ ಎಂಬ ಮಾತು ಹಾಗಿರಲಿ. ಜಿನಸೇನಾಚಾರ್ಯರು ಆದಿಪುರಾಣದಲ್ಲಿ ಹೇಳುವ ಅನ್ವಯದತ್ತಿಯಲ್ಲಿ ಗೃಹಸ್ಥನು ಮಗನಿಗೆ ಒಪ್ಪಿಸುವುದು ಧನವನ್ನು ಮಾತ್ರವಲ್ಲ, ಕುಟುಂಬದ ಭಾರವನ್ನೂ. ಧನವು ತಮ್ಮನಿಗೆ, ಭಾರವು ಯಾರಿಗೂ ಇಲ್ಲ ಎಂಬ ತ್ಯಾಗವನ್ನು ಆಚಾರ್ಯರು ಅರಿಯರು. ಲೌಕಿಕ ಕಾನೂನೂ ಇದಕ್ಕೆ ಮೋಸಹೋಗುವುದಿಲ್ಲ: ಸ್ಥಿರಾಸ್ತಿಯ ಆದಾಯದಿಂದ ಜೀವನಾಂಶ ಪಡೆಯುವ ಹಕ್ಕುಳ್ಳವರು, ಆ ಆಸ್ತಿಯನ್ನು ಬಿಟ್ಟಿಯಾಗಿ ಪಡೆದವನ ಮೇಲೂ ಆ ಹಕ್ಕನ್ನು ನಡೆಸಬಹುದೆಂದು 1882ರ ಸ್ವತ್ತು ವರ್ಗಾವಣೆ ಕಾಯಿದೆಯ 39ನೆಯ ಕಲಮು ಹೇಳುತ್ತದೆ.

ನ್ಯಾಯವಾದ ರಕ್ಷಣೆಗೆ ದಾರಿಗಳಿಲ್ಲವೆಂದಲ್ಲ. ಮನೆಯ ಖರ್ಚನ್ನೂ ಅಂಗಡಿಯ ಲೆಕ್ಕವನ್ನೂ ಮೊದಲಿನಿಂದ ಬೇರೆ ಇಟ್ಟವನಿಗೆ ಮುಚ್ಚಿಡಬೇಕಾದುದು ಬಹಳವಿರದು. ಪಾಲುದಾರಿಕೆಯ ಪತ್ರವನ್ನು ಮನಸ್ತಾಪಕ್ಕೆ ಮುಂಚೆಯೇ ನಿಜವಾಗಿ ಬರೆದಿಟ್ಟಿದ್ದರೆ ಅದು ನಿಲ್ಲುತ್ತದೆ. ಉಭಯ ಪಕ್ಷಗಳೂ ಒಪ್ಪಿದ ಲೆಕ್ಕಪರಿಶೋಧಕನಿಂದ ಅಂಗಡಿಯ ಬೆಲೆ ಕಟ್ಟಿಸಬಹುದು. ಒಟ್ಟು ಹಣವನ್ನು ಒಮ್ಮೆಗೇ ಎತ್ತಿದರೆ ವ್ಯಾಪಾರ ಕುಸಿಯುವುದಾದರೆ ಕಂತುಗಳಲ್ಲಿ ಕೊಡುವಂತೆ ನ್ಯಾಯಾಲಯವನ್ನು ಬೇಡಬಹುದು. ಸ್ಥಿರಾಸ್ತಿಯ ಮೇಲೆ ಭಾರವಿರಿಸಿ ಆ ಕಂತುಗಳಿಗೆ ಭದ್ರತೆ ಕೊಡಲು ಅದೇ 25ನೆಯ ಕಲಮಿನಲ್ಲಿ ಅವಕಾಶವಿದೆ. 1976ರಲ್ಲಿ ಸೇರಿಸಲಾದ ಪರಸ್ಪರ ಸಮ್ಮತಿಯ ವಿಚ್ಛೇದನದಲ್ಲಿ ಇವೆಲ್ಲವನ್ನೂ ಮಾತಿನಿಂದಲೇ ತೀರಿಸಿಕೊಳ್ಳಲು ಸಾಧ್ಯ. ಬೂದಿಕೋಟೆಯ ವರ್ತಕನು ಬಂಗಾರಪೇಟೆಯ ಮಳಿಗೆಯನ್ನು ಪತ್ನಿಯದೆಂದು ಒಪ್ಪಿ, ತಂದೆಯ ಅಂಗಡಿಯನ್ನು ಉಳಿಸಿಕೊಂಡರೆ ಅವನ ಆಳುಗಳಲ್ಲಿ ಒಬ್ಬನೂ ಕೆಲಸ ಕಳೆದುಕೊಳ್ಳುವುದಿಲ್ಲ. ಮಳಿಗೆಯ ಬಾಡಿಗೆ ಅವನ ಕೈಗೆ ಬರುವುದಿಲ್ಲವೆಂಬುದು ನಿಜ. ಆದರೆ ವ್ರತ ಹಿಡಿದ ದಿನದಿಂದಲೂ ಅದು ಅವನದೆಂದು ಎಣಿಸತಕ್ಕದ್ದಾಗಿರಲಿಲ್ಲ.

ಉಳಿದುದು ಆರು ಬಳೆಗಳ ಮಾತು. 1985ರಲ್ಲಿ ಸರ್ವೋಚ್ಚ ನ್ಯಾಯಾಲಯವು ಸ್ತ್ರೀಧನಕ್ಕೆ ಪತ್ನಿಯೇ ಸಂಪೂರ್ಣ ಒಡತಿ, ಪತಿಯ ವಶದಲ್ಲಿದ್ದರೂ ಅವನು ನಂಬಿಕೆಯಿಂದ ಇಟ್ಟುಕೊಂಡವನು ಮಾತ್ರವೆಂದು ಹೇಳಿತು. 2024ರ ಏಪ್ರಿಲಿನಲ್ಲಿ ಅದೇ ನ್ಯಾಯಾಲಯವು, ಆಪತ್ಕಾಲದಲ್ಲಿ ಪತಿಯು ಅದನ್ನು ಬಳಸಬಹುದಾದರೂ ಅದನ್ನು ಅಥವಾ ಅದರ ಬೆಲೆಯನ್ನು ಹಿಂದಿರುಗಿಸುವ ನೈತಿಕ ಹೊಣೆ ಅವನದೆಂದು ಹೇಳಿ, 89 ಪವನು ಚಿನ್ನವನ್ನು ಕಳೆದುಕೊಂಡ ಕೇರಳದ ಮಹಿಳೆಯೊಬ್ಬಳಿಗೆ 25 ಲಕ್ಷ ರೂಪಾಯಿಗಳನ್ನು ಕೊಡಿಸಿತು. ಇಟ್ಟ ನ್ಯಾಸವನ್ನು ಅಪಹರಿಸುವುದು ಸತ್ಯಾಣುವ್ರತದ ಅತಿಚಾರಗಳಲ್ಲಿ ಮತ್ತೊಂದು.

ಬೂದಿಕೋಟೆಯ ವರ್ತಕನು ಬಳೆಗಳನ್ನು ಕೊಡುವುದಿಲ್ಲವೆಂದು ಹೇಳುತ್ತಿಲ್ಲ. 2001ರಲ್ಲಿ ಮಾರಿದಾಗ ಬಂದ ಹಣವನ್ನು ಪೈಸೆ ಬಿಡದೆ ಕೊಡುವೆನೆನ್ನುತ್ತಾನೆ. ಆಗ ಹತ್ತು ಗ್ರಾಂ ಚಿನ್ನಕ್ಕೆ ನಾಲ್ಕೈದು ಸಾವಿರ ರೂಪಾಯಿ. ಇಂದು ಅದರ ಅನೇಕ ಪಟ್ಟು. ಆ ಹಣದಿಂದ ಇಂದು ಒಂದು ಬಳೆಯೂ ಬಾರದು. ಕೊಳ್ಳುವಾಗ ಹೆಚ್ಚಿನ ಮಾನದಿಂದ, ಕೊಡುವಾಗ ಕಡಿಮೆಯ ಮಾನದಿಂದ ಅಳೆಯುವುದನ್ನು ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ಹೀನಾಧಿಕಮಾನೋನ್ಮಾನವೆಂದು ಕರೆದಿದ್ದಾರೆ. ಆಕೆ ಕೊಟ್ಟುದು ತೂಕದ ಚಿನ್ನ; ಆ ತೂಕಕ್ಕೆ ಸರಿಯಾಗಿ ಅಂಗಡಿಯ ಲೆಕ್ಕದಿಂದ ಅದು ಹೊರಡಬೇಕು, ಮಿಕ್ಕ ಜೀವನಾಂಶದ ಮಾತು ಆಮೇಲಿನದು.