ಹೆಸರಿಡುವವರು ಯಾರು?

ವಿಜಯನಗರದಿಂದ ಕೆಂಗೇರಿಗೆ ಹೋಗುವ ಬಸ್ಸು. ನಮ್ಮ ಮುಂದಿನ ಸೀಟಿನಲ್ಲಿ ಒಬ್ಬ ತಾಯಿ, ಆಕೆಯ ಭುಜಕ್ಕೆ ಒರಗಿ ಹತ್ತು ಹನ್ನೆರಡರ ಹುಡುಗ. ಯಾರೋ ಕೇಳಿದರು: "ಹುಡುಗ ಮೆಂಟ್ಲಾ?" ಆಕೆ ಜಗಳಕ್ಕೆ ನಿಲ್ಲಲಿಲ್ಲ. "ಅವನಿಗೂ ಒಂದು ಹೆಸರೈತೆ ಕಣಣ್ಣ, ಅದನ್ನ ಯಾರೂ ಕೇಳಾಕಿಲ್ಲ" ಅಂದಳು, ಅಷ್ಟೆ. ಅವರು ಇಳಿದ ಸ್ಟಾಪಿನೆದುರೇ ಒಂದು ಗೇಟು. ಮೇಲೆ ದಪ್ಪಕ್ಷರದ ಬೋರ್ಡು: ಬುದ್ಧಿಮಾಂದ್ಯ ಮಕ್ಕಳ ಶಾಲೆ.

ಬಸ್ಸಿನ ಮಾತಿಗೂ ಬೋರ್ಡಿನ ಮಾತಿಗೂ ಎಷ್ಟು ದೂರ? ಒಂದು ಬೀದಿಯದು, ಇನ್ನೊಂದು ಸಂಸ್ಕೃತದ್ದು. ಬೈಗುಳ ಮಡಿ ಉಟ್ಟು ಬಂದರೆ ಬೈಗುಳವಲ್ಲವೇ?

1995ರ ಕೇಂದ್ರ ಕಾಯ್ದೆ ಇಂಥ ಮಕ್ಕಳನ್ನು ಬುದ್ಧಿಮಾಂದ್ಯರೆಂದಿತು. 1999ರ ರಾಷ್ಟ್ರೀಯ ನ್ಯಾಸ ಕಾಯ್ದೆ ಆ ಪದವನ್ನು ತನ್ನ ಹೆಸರಿನೊಳಗೇ ಹೊತ್ತು ಹುಟ್ಟಿತು. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ ಅದನ್ನು ಬಿಟ್ಟು 'ಬೌದ್ಧಿಕ ಅಂಗವೈಕಲ್ಯ' ಎಂದಿತು. 7 ಇದ್ದ ವೈಕಲ್ಯಗಳ ಪಟ್ಟಿ 21ಕ್ಕೆ ಬೆಳೆಯಿತು. ನಮ್ಮ ರಾಜ್ಯದ ಶಿಕ್ಷಣ ಕಾಯ್ದೆ 1983ರದು. ಅಂಗವಿಕಲರಿಗೆಂದು ಹಕ್ಕಿನ ಕಾಯ್ದೆಯೇ ಇಲ್ಲದ ಕಾಲದಲ್ಲಿ ಬರೆದದ್ದು, ಜಾರಿಯಾದದ್ದು 1995ರಲ್ಲಿ. ರಾಜ್ಯದ ಕಾಯ್ದೆ, ನಿಯಮ, ಅನುದಾನದ ಆದೇಶ, ಶಾಲೆಯ ಬೋರ್ಡು, ಹಳೆಯ ಮಾತು ಎಲ್ಲೆಲ್ಲಿ ಕೂತಿದೆಯೋ ಅಲ್ಲಿಂದೆಲ್ಲ ಅದನ್ನು ಎಬ್ಬಿಸಬೇಕು.

ಆದರೆ ಹೊಸ ಪದ ತರುವ ಕೈ ಯಾರದು? ಮೊದಲು 'ಅಂಗವಿಕಲ' ಎಂದರು, ಊನ ಅಂಗಕ್ಕಿತ್ತು. ಗೌರವ ಕೊಡುತ್ತೇವೆಂದು 'ವಿಕಲಚೇತನ' ಎಂದರು, ರಾಜ್ಯದ ಇಲಾಖೆಗೂ ಅದೇ ಹೆಸರಿಟ್ಟರು. ಊನ ಚೇತನಕ್ಕೇ ತಗುಲಿತು! 2015ರಲ್ಲಿ ಪ್ರಧಾನಿ 'ದಿವ್ಯಾಂಗ' ಎಂದರು. ದಿವ್ಯರಾಗಬೇಕೆಂದು ಕೇಳಿದವರು ಯಾರು? ಮೆಟ್ಟಿಲ ಪಕ್ಕ ಒಂದು ಇಳಿಜಾರು ಕೇಳಿದ್ದರು, ಅಷ್ಟೆ.

ಈ ದಿವ್ಯದ ರುಚಿ ನಮಗೆ ಗೊತ್ತು. ನಮ್ಮನ್ನೂ ದೇವರ ಮಕ್ಕಳು ಅಂದಿದ್ದರು. 1938ರಲ್ಲಿ ಬೊಂಬಾಯಿ ಶಾಸನಸಭೆಯಲ್ಲಿ 'ಹರಿಜನ' ಪದವನ್ನು ಮಸೂದೆಯೊಳಗೆ ತಂದಾಗ ಬಾಬಾಸಾಹೇಬರು ತಮ್ಮ ಪಕ್ಷದವರೊಂದಿಗೆ ಎದ್ದು ಹೊರನಡೆದರು. ಹೆಸರು ಕೊಡುವವನು ಮೇಲೆ, ಇಸಕೊಳ್ಳುವವನು ಕೆಳಗೆ ಅನ್ನೋದು ಹೋಗದೆ ಪದ ಬದಲಾಗಿ ಏನು ಬಂತು?

ಹಾಗಾದರೆ ಹೆಸರೇ ಬೇಡವೇ? ಇಲ್ಲೇ ಇದೆ ಸಂಕಟ. ನಾವು ಕಾಲೇಜಿನ ಮೆಟ್ಟಿಲು ಹತ್ತಿದ್ದು, ಹಾಸ್ಟೆಲ್ಲಿನ ಅನ್ನ ಉಂಡದ್ದು ಜಾತಿ ಸರ್ಟಿಫಿಕೇಟು ಹಿಡಿದೇ. ಕುತ್ತಿಗೆ ಹಿಡಿದು ದೂಡಿದ ಹೆಸರೇ ಅನ್ನದ ಚೀಟಿಯಾಯಿತು. ಆ ಹುಡುಗನಿಗೂ ಅಷ್ಟೆ. ನೂರಕ್ಕೆ 40ಕ್ಕೆ ಕಮ್ಮಿಯಿಲ್ಲದ ವೈಕಲ್ಯವೆಂದು ಕಾಗದದಲ್ಲಿ ಬರೆದರೇನೇ 6ರಿಂದ 18ರವರೆಗೆ ನೆರೆಯ ಶಾಲೆಯಲ್ಲೋ, ತನಗೆ ಬೇಕಾದ ವಿಶೇಷ ಶಾಲೆಯಲ್ಲೋ ಪುಕ್ಕಟೆ ಓದುವ ಹಕ್ಕು. ಹೆಸರು ಅಳಿಸುವ ನೆಪದಲ್ಲಿ ಹಕ್ಕನ್ನೂ ಅಳಿಸಿಯಾರು, ಎಚ್ಚರ.

ಆದ್ದರಿಂದ ನಮ್ಮ ವಾದ ಇಷ್ಟೆ. ಕಾನೂನು ಹೆಸರಿಡಲಿ, ಹಕ್ಕಿಗೆ ಬೇಕಾದಷ್ಟೇ ಇಡಲಿ. ಆ ಪದ ಫೈಲಿನಲ್ಲಿರಲಿ, ಗೇಟಿನ ಮೇಲೆ ಬೇಡ. ಗೇಟಿಗೆ ಶಾಲೆ ಅಂದರೆ ಸಾಕು. ಪದ ಆರಿಸುವ ಕಮಿಟಿಯಲ್ಲಿ ಪಂಡಿತರ ಜೊತೆ ಆ ತಾಯಿ ಕೂರಲಿ, ಹುಡುಗನೂ ಕೂರಲಿ. ಅವನಿಗೆ ಮಾತು ತಡವಾದರೆ ಕಾಯೋಣ. ನಮ್ಮನ್ನು ನಾವೇ 'ದಲಿತ' ಎಂದು ಕರಕೊಳ್ಳಲು ನಮಗೇನು ಕಮ್ಮಿ ಕಾಲ ಹಿಡಿಯಿತೇ?

ಇಷ್ಟೆಲ್ಲ ಬರೆಯುವ ನಾವೂ ಆವತ್ತು ಬಸ್ಸಿನಲ್ಲಿ ಅವನ ಹೆಸರು ಕೇಳಲಿಲ್ಲ.