ಊರಿನವರು ಎಲ್ಲಿ ಉಣ್ಣುತ್ತಾರೆ?

ಲಿಸ್ಬನ್ನಿಗೆ ಹೋಗಿಬಂದವನನ್ನು ಯಾರೂ ಸಂಶೋಧನೆ ಎಷ್ಟಾಯಿತು ಎಂದು ಕೇಳುವುದಿಲ್ಲ. ಊಟ ಎಲ್ಲಿ ಚೆನ್ನಾಗಿರುತ್ತೆ ಎಂದು ಕೇಳುತ್ತಾರೆ. ‘ಟೂರಿಸ್ಟುಗಳು ಹೋಗೋ ಜಾಗ ಬೇಡ ಅಣ್ಣ, ಊರಿನವರು ಹೋಗೋದು ಎಲ್ಲಿ ಅಂತ ಹೇಳು’ ಎಂದು ಹೋದ ತಿಂಗಳು ಮೈಸೂರಿನಿಂದ ಒಬ್ಬಳು ಕಿರಿಯ ಸಂಶೋಧಕಿ ಬರೆದಳು. ಉತ್ತರ ಗೊತ್ತಿತ್ತು. ಆದರೂ ನಾಲ್ಕು ದಿನ ಸುಮ್ಮನಿದ್ದೆ.

ಪತ್ರಾಗಾರದಲ್ಲಿ ಹಳೆಯ ಕಾಗದ ಓದಲು ಮೂರು ತಿಂಗಳು ಅಲ್ಲಿದ್ದೆ. ಮಧ್ಯಾಹ್ನದ ಊಟಕ್ಕೆ ಒಂದು ತಾಸ್ಕಾ ಹಿಡಿದಿದ್ದೆ. ತಾಸ್ಕಾ ಎಂದರೆ ಆ ಊರಿನ ಸಣ್ಣ ಊಟದ ಅಂಗಡಿ. ಆರು ಮೇಜು, ಮೇಜಿನ ಮೇಲೆ ಬಟ್ಟೆಯ ಬದಲು ಕಾಗದ. ಬಿಲ್ಲನ್ನೂ ಆ ಕಾಗದದ ಮೂಲೆಯಲ್ಲೇ ಕೂಡಿಸುತ್ತಿದ್ದರು. ಕೂತ ತಕ್ಷಣ ಕೇಳದೆಯೇ ಬ್ರೆಡ್ಡು, ಆಲಿವ್ ಕಾಯಿ ತಂದಿಡುತ್ತಾರೆ. ಮುಟ್ಟಿದರೆ ದುಡ್ಡು. ಮೊದಲ ದಿನ ಅದನ್ನು ಉಪಚಾರವೆಂದುಕೊಂಡು ಪೂರ್ತಿ ತಿಂದು, ಬಿಲ್ಲು ನೋಡಿ ಮುಖ ಸಣ್ಣ ಮಾಡಿಕೊಂಡೆ. ಆಮೇಲೆ ಕಾಲ್ಡೊ ವೆರ್ಡೆ ಬರುತ್ತಿತ್ತು: ಬಟಾಟೆ ಅರೆದು, ಸೊಪ್ಪನ್ನು ಎಳೆಯೆಳೆಯಾಗಿ ಹೆಚ್ಚಿ ಹಾಕಿದ ಸಾರು. (ಬಟಾಟೆ ಎಂಬ ಮಾತು ನಮ್ಮ ಕರಾವಳಿಗೆ ಬಂದದ್ದೇ ಅವರಿಂದ.) ಮೂಲೆಯ ಮೇಜಿನಲ್ಲಿ ದಿನವೂ ಒಂದು ಗಂಟೆಗೆ ಒಬ್ಬ ಮುದುಕರು ಬಂದು ಕೂರುತ್ತಿದ್ದರು. ಅವರು ಏನನ್ನೂ ಹೇಳಬೇಕಿರಲಿಲ್ಲ, ಎಲ್ಲ ತಾನಾಗಿ ಬರುತ್ತಿತ್ತು.

ಪ್ರಸಿದ್ಧ ಜಾಗಗಳಿಗೂ ಹೋದೆ. 1837ರಿಂದ ಮಾಡುತ್ತಿರುವ ಬೆಲೆಂನ ಕಸ್ಟರ್ಡ್ ತಿನಿಸು, 1905ರಲ್ಲಿ ಶುರುವಾದ ಬ್ರಸಿಲೈರಾ ಕಾಫಿ ಅಂಗಡಿ. ಅದರ ಹೊರಗೆ ಕವಿ ಪೆಸ್ಸೋವಾ ಕಂಚಿನಲ್ಲಿ ಕೂತಿದ್ದಾನೆ. ಪಕ್ಕದ ಖಾಲಿ ಕುರ್ಚಿ ಫೋಟೋಕ್ಕೆ. ನನಗೆ ಹಿಡಿಸಿದ್ದು ಸಾವ್ ದೊಮಿಂಗುಶ್ ಚೌಕದ ಜಿಂಜಿನ್ಯಾ ಅಂಗಡಿ. ಹುಳಿ ಚೆರಿಹಣ್ಣಿನ ಮದ್ಯ, ಪುಟ್ಟ ಲೋಟ. ಹಣ್ಣು ಬೇಕೋ ಬೇಡವೋ ಎಂದಷ್ಟೇ ಕೇಳುತ್ತಾರೆ. ಕೂರಲು ಜಾಗವಿಲ್ಲ, ನಿಂತು ಕುಡಿದು, ಬೀಜ ಉಗುಳಿ ನಡೆಯಬೇಕು. ಪ್ರವಾಸಿ, ಗುಮಾಸ್ತ, ಆ ಚೌಕದಲ್ಲಿ ಹರಟುವ ಗಿನಿ-ಬಿಸ್ಸಾವಿನ ಜನ, ಎಲ್ಲರೂ ಒಟ್ಟಿಗೆ. ಅಲ್ಲಿ ಯಾರ ಜಾಗವನ್ನೂ ಯಾರೂ ಕಸಿಯುವುದಿಲ್ಲ, ಏಕೆಂದರೆ ಜಾಗವೇ ಇಲ್ಲ.

ತಾಸ್ಕಾದ ಕಥೆ ಬೇರೆ. ಎರಡನೇ ತಿಂಗಳಲ್ಲಿ ಇಬ್ಬರು ಗೆಳೆಯರಿಗೆ ಅದರ ವಿಷಯ ಹೇಳಿದೆ. ಅವರು ಹತ್ತು ಜನಕ್ಕೆ ಹೇಳಿದರು, ಚಿತ್ರ ಹಾಕಿದರು. ಮೂರು ವಾರದಲ್ಲಿ ಬಾಗಿಲಲ್ಲಿ ಸಾಲು. ಒಂದು ಗಂಟೆಗೆ ಬಂದ ಮುದುಕರು ಮೂಲೆಯ ಮೇಜು ನೋಡಿ, ಕಟ್ಟೆಯ ಬಳಿ ನಿಂತೇ ಸಾರು ಕುಡಿದರು. ಮರುದಿನವೂ ಹಾಗೇ. ಆಮೇಲೆ ಅವರನ್ನು ನಾನು ಕಾಣಲಿಲ್ಲ.

ತಪ್ಪು ಯಾರದು? ಮೇಜಿನಲ್ಲಿ ಕೂತವರು ದುಡ್ಡು ಕೊಟ್ಟು ಉಂಡರು. ಅಂಗಡಿಯ ಯಜಮಾನಿ ಖುಷಿಯಲ್ಲಿದ್ದರು; ವ್ಯಾಪಾರ ಬೇಡವೆನ್ನಲು ಅವರಿಗೇನು ಹುಚ್ಚೇ? ಅವರು ಬಡವಾಗಿ, ಹಳೆಯದಾಗಿ, ನನ್ನ ನೆನಪಿಗೆ ಒಪ್ಪುವಂತೆ ಉಳಿಯಲಿ ಎಂದು ಬಯಸುವುದು ಪ್ರೀತಿಯಲ್ಲ, ಸೊಕ್ಕು. ಹಾಗೆಂದು ಗುಟ್ಟು ಕಾಯೋಣವೆಂದರೆ, ನಾನೇನು ಅಲ್ಲಿಯವನೇ? ಬಸ್ಸಿಗೆ ಹೇಗೋ ನುಗ್ಗಿ ಹತ್ತಿದವನು ಮರುಕ್ಷಣವೇ ‘ಜಾಗ ಇಲ್ಲ, ರೈಟ್ ರೈಟ್’ ಎಂದು ಕೂಗಿದ ಹಾಗೆ.

ಊರಿನ ದೊಡ್ಡ ಕಥೆಯನ್ನು ನನ್ನ ಒಂದು ಬಟ್ಟಲು ಸಾರಿನ ಮೇಲೆ ಹೊರಿಸಲಾರೆ. 1981ರಲ್ಲಿ ಲಿಸ್ಬನ್ ನಗರದ ಜನಸಂಖ್ಯೆ 8 ಲಕ್ಷ ದಾಟಿತ್ತು. 2021ರಲ್ಲಿ ಸುಮಾರು 5.45 ಲಕ್ಷ. ಪ್ರವಾಸಿಗಳು ಕಿಕ್ಕಿರಿಯುವ ಮೊದಲೇ ಎಷ್ಟೋ ಮಂದಿ ಹೊರವಲಯಕ್ಕೆ ಹೋಗಿದ್ದರು. 2012ರ ಬಾಡಿಗೆ ಕಾನೂನು ಹಳೆಯ ಕರಾರುಗಳನ್ನು ಸಡಿಲಿಸಿತು. ಆಲ್ಫಾಮಾದಂಥ ಕೇರಿಗಳಲ್ಲಿ ಮನೆಗಳು ಪ್ರವಾಸಿಗಳ ತಂಗುದಾಣವಾದವು. ಹಳೆಯ ಅಂಗಡಿಗಳನ್ನು ಗುರುತಿಸಿ ಕಾಯಲು ನಗರಸಭೆಯ ಯೋಜನೆಯೊಂದಿದೆ, ಒಳ್ಳೆಯದೇ. ಆದರೆ ಗಿರಾಕಿಯನ್ನು ಗುರುತಿಸುವ ಯೋಜನೆ ಎಲ್ಲಿದೆ?

ನನ್ನ ಪ್ರಬಂಧಕ್ಕಾಗಿ ದುವಾರ್ತ್ ಬಾರ್ಬೋಸಾನನ್ನು ಮತ್ತೆ ಓದುತ್ತಿದ್ದೇನೆ. 1516ರ ಸುಮಾರಿಗೆ ನಮ್ಮ ಕರಾವಳಿಯ ರೇವುಗಳನ್ನು ಒಂದೊಂದಾಗಿ ಬರೆದಿಟ್ಟವನು. ಭಟ್ಕಳದ ಅಕ್ಕಿ, ಸಕ್ಕರೆ, ಕಬ್ಬಿಣ. ಎಲ್ಲೆಲ್ಲಿ ಏನೇನು ಚೆನ್ನಾಗಿ ಸಿಗುತ್ತದೆ ಎಂಬ ಮಾಹಿತಿ. ಅರ್ಧ ಶತಮಾನ ಕಳೆಯುವಷ್ಟರಲ್ಲಿ ಹೊನ್ನಾವರದಲ್ಲಿ, ಮಂಗಳೂರಿನಲ್ಲಿ ಅವರ ಕೋಟೆಗಳೆದ್ದವು. ಫಿರಂಗಿಗೂ ಫೋಟೋಕ್ಕೂ ಹೋಲಿಕೆ ಸಲ್ಲದು, ಅಷ್ಟು ಸುಲಭದ ಸೇಡೂ ನನಗೆ ಬೇಡ. ಆದರೆ ಅವನ ಪುಟಗಳನ್ನು ಈಗ ಓದುವಾಗ ಮೂಲೆಯ ಮೇಜು ಕಣ್ಣಿಗೆ ಬರುತ್ತದೆ. ಇಂಥ ಬರಹವೆಲ್ಲ ಮುಂದೆ ಬರುವವನಿಗಾಗಿ. ಅಲ್ಲಿ ಆಗಲೇ ಕೂತಿರುವವನನ್ನು ಯಾರೂ ಕೇಳಿರುವುದಿಲ್ಲ.

ಐದನೇ ದಿನ ಅವಳಿಗೆ ಬರೆದೆ. ಅಂಗಡಿಯ ಹೆಸರು, ಬೀದಿ ಎರಡನ್ನೂ ಕೊಟ್ಟೆ. ಹನ್ನೆರಡಕ್ಕೆ ಹೋಗು, ಒಂದು ಗಂಟೆಯೊಳಗೆ ಎದ್ದುಬಿಡು ಎಂದೆ. ಬ್ರೆಡ್ಡು ಮುಟ್ಟಿದರೆ ದುಡ್ಡು ಎಂದೂ ಹೇಳಿದೆ. ಮೂಲೆಯ ಮೇಜು ಖಾಲಿ ಕಂಡರೂ ಕೂರಬೇಡ, ಆ ಮುದುಕರು ಬರುತ್ತಾರಾ ಎಂದು ನೋಡಿ ನನಗೊಂದು ಸಾಲು ಬರಿ ಎಂದೆ. ಅವಳು ಹೊರಡುವುದು ಸೆಪ್ಟೆಂಬರಿನಲ್ಲಿ.